ಕತ್ತಲ ರಾತ್ರಿ

24 ಜೂನ್ 2025, ಮಂಗಳವಾರ. ಮಸ್ಕಿ

ಒಂಬತ್ತನೇ ತರಗತಿಯವರನ್ನು ಇವತ್ತು ಅಶೋಕನ ಕಲ್ಲು ತೋರಿಸಲು ಕರೆದುಕೊಂಡು ಹೋಗಿದ್ದೆ. ಶಾಲೆಯಿಂದ ನಡೆದೇ ಹೋಗಬಹುದು, ಖರ್ಚಿಲ್ಲ, ಹಾಗಾಗಿ ಯಾರೂ ಬೇಡ ಅನ್ನುವುದಿಲ್ಲ. ನಲವತ್ತೊಂದು ಮಕ್ಕಳಲ್ಲಿ ಮಲ್ಲಯ್ಯನ ಗುಡ್ಡ ಹತ್ತದವರು ಒಬ್ಬರೂ ಇಲ್ಲ. ಈ ಕಲ್ಲನ್ನು ಮೊದಲೇ ನೋಡಿದ್ದವರು ಒಂಬತ್ತೇ ಮಂದಿ.

ಹೇಳಬೇಕಾದದ್ದನ್ನು ಹೇಳಿದೆ. ದೇಶದಲ್ಲಿ ಅಲ್ಲಲ್ಲಿ ಸಿಕ್ಕ ಶಾಸನಗಳಲ್ಲಿ ‘ದೇವಾನಂಪಿಯ ಪಿಯದಸಿ’ ಎಂಬ ಬಿರುದು ಮಾತ್ರ ಇತ್ತು. 1837ರಲ್ಲಿ ಪ್ರಿನ್ಸೆಪ್ ಲಿಪಿಯನ್ನು ಬಿಡಿಸಿ ಓದಿದ. ಸಿಂಹಳದ ಗ್ರಂಥ ಹಿಡಿದು ಟರ್ನರ್ ಈತ ಅಶೋಕನೇ ಇರಬೇಕು ಎಂದ. ಆದರೂ ಅದು ಊಹೆಯೇ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಈ ಅಕ್ಷರಗಳು ಬಿದ್ದವು. ಕೃಷ್ಣಶಾಸ್ತ್ರಿಗಳು ಓದಿದರು: ‘ಅಸೋಕಸ’. ನಮ್ಮೂರ ಕಲ್ಲು ರಾಜನ ಹೆಸರನ್ನೇ ಹೇಳಿತ್ತು. ಇಷ್ಟು ಹೇಳುವಾಗ ನನಗೆ ಪ್ರತಿ ಸಲ ಮೈ ನವಿರೇಳುತ್ತದೆ, ಮಕ್ಕಳಿಗೆ ಬಿಸಿಲು ತಾಗುತ್ತಿರುತ್ತದೆ.

ಕೊನೆಗೆ ನನ್ನ ರೂಢಿಯ ಮಾತು: “ಎಲ್ಲಾ ಧರ್ಮಗಳನ್ನೂ ಗೌರವಿಸಬೇಕು ಅಂತ ಅಶೋಕ ಇದರ ಮೇಲೆ ಬರೆಸಿದ್ದಾನೆ.”

ಹಿಂದೆ ನಿಂತಿದ್ದ ಒಬ್ಬ ಹುಡುಗ, ತರಗತಿಯಲ್ಲಿ ಬಾಯಿ ಬಿಡದವನು, ನಾನೇ ಝೆರಾಕ್ಸ್ ಮಾಡಿಸಿ ಹಂಚಿದ್ದ ಅನುವಾದದ ಹಾಳೆ ಹಿಡಿದುಕೊಂಡು ಕೇಳಿದ: “ಮೇಡಂ, ಅದು ಯಾವ ಸಾಲಿನ್ಯಾಗ ಐತ್ರಿ?”

ಹಾಳೆ ಇಸಿದುಕೊಂಡು ನೋಡಿದೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷದ ಮೇಲಾಯಿತು ಎಂದು ಇದೆ. ಸಂಘದ ಹತ್ತಿರ ಹೋದೆ, ಶ್ರಮಪಟ್ಟೆ, ಜಂಬೂದ್ವೀಪದಲ್ಲಿ ದೇವರೊಂದಿಗೆ ಬೆರೆಯದಿದ್ದ ಜನ ಈಗ ಬೆರೆತರು, ದೊಡ್ಡವರಷ್ಟೇ ಅಲ್ಲ ಸಣ್ಣವರೂ ಇದನ್ನು ಸಾಧಿಸಬಹುದು ಎಂದು ಇದೆ. ಬೇರೆ ಧರ್ಮದ ಮಾತು ಒಂದು ಸಾಲಿನಲ್ಲೂ ಇಲ್ಲ.

“ಒಟ್ಟು ಅರ್ಥ ಅದೇ” ಅಂದುಬಿಟ್ಟೆ. ಹುಡುಗ ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಹತ್ತು ವರ್ಷದಿಂದ ಈ ಸುಳ್ಳನ್ನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ. ಬಸ್ಸಿನಲ್ಲಿ ಸಿಂಧನೂರು ಮುಟ್ಟುವವರೆಗೂ ಅದೇ ಕೊರೆಯುತ್ತಿತ್ತು.

25 ಜೂನ್, ಬುಧವಾರ. ಸಿಂಧನೂರು

ಮಣ್ಣೆತ್ತಿನ ಅಮಾವಾಸ್ಯೆ. ಕುಂಬಾರರ ಮನೆಯಿಂದ ಜೋಡೆತ್ತು ತಂದು, ಜೋಳದ ಕಾಳಿಟ್ಟು, ಅತ್ತೆ ಪೂಜೆ ಮಾಡಿದರು. ನಮಗೆ ಹೊಲ ಇಲ್ಲ, ಎತ್ತೂ ಇಲ್ಲ. ಪೂಜೆ ಉಳಿದಿದೆ.

ಸಂಜೆ ಬ್ಲೌಸ್ ಹೊಲಿಯುವ ಅಕ್ಕ ಬಂದಿದ್ದಳು. ಬಂಗಾಲಿ ಕ್ಯಾಂಪಿನವಳು. ಪೂರ್ವ ಪಾಕಿಸ್ತಾನದಿಂದ ಬಂದ ಅವರ ಹಿರಿಯರಿಗೆ ಸರಕಾರ ಸಿಂಧನೂರಿನ ಬಳಿ ಜಾಗ ಕೊಟ್ಟು ಐವತ್ತು ವರ್ಷದ ಮೇಲಾಯಿತು. ಆರ್.ಎಚ್. ಕ್ಯಾಂಪ್ ಎಂದರೇ ಇಲ್ಲಿ ಎಲ್ಲರಿಗೂ ಗೊತ್ತು. ಕಾಲುವೆ ನೀರಿನ ಜೊತೆ ಬಂದ ಆಂಧ್ರದವರ ಕ್ಯಾಂಪು ಬೇರೆ, ಇವರದು ಬೇರೆ. ಅಕ್ಕನ ಕನ್ನಡ ನನ್ನ ಕನ್ನಡಕ್ಕಿಂತ ಚುರುಕು.

ಎತ್ತು ನೋಡಿ ನಕ್ಕು, ತಮ್ಮಲ್ಲಿ ಶ್ರಾವಣದಲ್ಲಿ ಮನಸಾ ದೇವಿಯ ಪೂಜೆ, ಹಾವಿನ ದೇವತೆ ಅಂದಳು. ನಾನು ಥಟ್ಟನೆ, “ಹಂಗಾರ ನಮ್ಮ ನಾಗರ ಪಂಚಮಿನೇ ಅದು” ಅಂದೆ.

“ಅಲ್ರೀ ಅಕ್ಕಾ. ನೀವು ಹುತ್ತಕ್ಕ ಹಾಲೆರೀತೀರಿ. ಅದು ಹಾವಿನ ಪೂಜೆ. ನಮ್ದು ಮನಸಾನ ಪೂಜೆ. ಆಕಿ ಶಿವನ ಮಗಳು, ಆಕಿಗೆ ಯಾರೂ ಪೂಜೆ ಮಾಡವಲ್ರು, ಒಬ್ಬ ಸಾವ್ಕಾರ ಹಟ ಹಿಡಿದಿದ್ದ...” ಅಂತ ಶುರು ಮಾಡಿ ಅರ್ಧ ತಾಸು ಕಥೆ ಹೇಳಿದಳು. ಮಗ ಹಾವು ಕಚ್ಚಿ ಸತ್ತದ್ದು, ಸೊಸೆ ಗಂಡನ ಹೆಣದ ಜೊತೆ ಬಾಳೆಯ ತೆಪ್ಪದಲ್ಲಿ ನದಿಗುಂಟ ತೇಲಿಹೋದದ್ದು, ಕೊನೆಗೆ ಸಾವುಕಾರ ಎಡಗೈಯಲ್ಲಿ, ಮುಖ ಆ ಕಡೆ ಮಾಡಿ ಒಂದು ಹೂ ಎಸೆದದ್ದು. ದೇವಿ ಅಷ್ಟಕ್ಕೇ ಒಪ್ಪಿದಳಂತೆ.

ಎಡಗೈಯ ಹೂವನ್ನು ಒಪ್ಪುವ ದೇವತೆ! ‘ನಮ್ಮ ಪಂಚಮಿನೇ’ ಅಂದು ಅಲ್ಲಿಗೇ ಮುಗಿಸಿದ್ದರೆ ಇದು ನನಗೆ ಸಿಗುತ್ತಲೇ ಇರಲಿಲ್ಲ.

27 ಜೂನ್, ಶುಕ್ರವಾರ. ಮಸ್ಕಿ

ನಿನ್ನೆ ಮೊಹರಂನ ಚಂದ್ರ ಕಂಡಿದೆ. ಅಲಾಯಿ ಕುಣಿಗೆ ಗುದ್ದಲಿ ಹಾಕಿದ್ದಾರೆ. ತಮ್ಮ ಮುದಗಲ್ಲಿನಿಂದ ಫೋನ್ ಮಾಡಿದ್ದ: “ಅಕ್ಕಾ, ಕತ್ತಲ ರಾತ್ರಿಗೆ ಬಂದೇ ಬರ್ಬೇಕು. ಮಗಳನ್ನ ಫಕೀರ ಮಾಡ್ಸೋ ಹರಕಿ ಐತಿ.”

ಸ್ಟಾಫ್ ರೂಮಿನಲ್ಲಿ ಸಂಭ್ರಮದಿಂದ ಹೇಳಿಕೊಂಡೆ. ಗಣಿತದ ಮೇಡಂಗೆ, “ನಿಮ್ಮ ಹಬ್ಬಕ್ಕ ಈ ಸಲ ನಾನೂ ಬರ್ತೀನ್ರಿ” ಅಂದೆ. ಅವರು ಲಿಂಗಸುಗೂರಿನವರು. ನಗಲಿಲ್ಲ.

“ಮೇಡಂ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮನ್ಯಾಗ ಅಲಾಯಿಗೆ ಯಾರೂ ಹೋಗೂದಿಲ್ಲ. ನಮಗದು ಕುಣಿಯೋ ಹಬ್ಬ ಅಲ್ಲ. ನಮ್ಮಪ್ಪ ಒಂಬತ್ತು, ಹತ್ತನೇ ದಿನ ರೋಜಾ ಇರ್ತಾರ, ಅಷ್ಟೇ.”

ನಾನು ಸುಮ್ಮನಾದೆ. ನಲವತ್ನಾಲ್ಕು ವರ್ಷ ವಯಸ್ಸು. ಹುಟ್ಟಿದ್ದು ಮುದಗಲ್ಲಿನಲ್ಲಿ, ಮೊಹರಂ ಎಂದರೆ ನಾಡೆಲ್ಲ ಹೆಸರು ಹೇಳುವ ಊರು ಅದು. ದುಡಿಯಲು ಪುಣೆ, ಗೋವಾ, ಬೆಂಗಳೂರಿಗೆ ಹೋದವರು ಯುಗಾದಿಗೆ ಬರದಿದ್ದರೂ ಇದಕ್ಕೆ ಬರುತ್ತಾರೆ. ನಾನು ಸಣ್ಣವಳಿದ್ದಾಗ ಸಕ್ಕರೆ ಓದಿಸಿಕೊಂಡು ಬರುತ್ತಿದ್ದೆ, ಕೊರಳಿಗೆ ಲಾಡಿ ಕಟ್ಟಿಸಿಕೊಂಡಿದ್ದೆ. ಇದು ಮುಸ್ಲಿಮರೆಲ್ಲರ ಹಬ್ಬ, ಎಲ್ಲರೂ ಹೀಗೇ ಮಾಡುತ್ತಾರೆ ಅಂತಲೇ ತಿಳಿದಿದ್ದೆ.

ಇದೇ ಮೇಡಂ ಜೊತೆ ಮೂರು ವರ್ಷದ ಹಿಂದೆ ನಡೆದದ್ದನ್ನೂ ಬರೆದುಬಿಡುತ್ತೇನೆ. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಗೆ ಹೋಗಿ ಬಂದು ಎಲ್ಲರಿಗೂ ಪ್ರಸಾದ ಕೊಟ್ಟಿದ್ದೆ. ಇವರು ಎರಡೂ ಕೈ ಒಡ್ಡಿ ಇಸಿದುಕೊಂಡರು. ಮಧ್ಯಾಹ್ನ ನೋಡಿದರೆ ಅದೇ ಪೊಟ್ಟಣ ಆಯಾನ ಕೈಯಲ್ಲಿತ್ತು. ಮೂರು ತಿಂಗಳು ನಾನು ಅವರೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಯಾಕೆ ಎಂದು ಕೇಳಲೂ ಇಲ್ಲ. ದೇವರಿಗೆ ಎಡೆ ಹಿಡಿದದ್ದನ್ನು ತಾವು ತಿನ್ನುವಂತಿಲ್ಲ, ಎಸೆಯಲು ಮನಸ್ಸು ಒಪ್ಪಲಿಲ್ಲ ಎಂದು ಅವರೇ ಒಂದು ದಿನ ಹೇಳಿದರು. ಅದೇ ವರ್ಷ ರಂಜಾನ್‌ಗೆ ನನಗೆ ಸುರ್ಕುಂಬಾ ತಂದಾಗ, “ಹೊಸಾ ಪಾತ್ರೆಯಾಗ ಮಾಡೀನ್ರಿ, ನೀವು ಲಿಂಗಾಯತರು ಅಂತ” ಅಂದಿದ್ದರು. ನನ್ನ ನೇಮ ಅವರಿಗೆ ಕೇಳದೆಯೇ ಗೊತ್ತಿತ್ತು. ಅವರದು ನನಗೆ ಗೊತ್ತಿರಲಿಲ್ಲ.

29 ಜೂನ್, ಭಾನುವಾರ. ಲಿಂಗಸುಗೂರು

ಮೇಡಂ ಮನೆಗೆ ಹೋಗಿದ್ದೆ, ಕರೆಸಿಕೊಂಡೇ ಹೋದೆ ಅನ್ನಬೇಕು. ಅವರ ತಂದೆ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು. ಕಿವಿ ಸ್ವಲ್ಪ ಮಂದ, ನೆನಪು ಹರಿತ.

ಮೊಹರಂ ಬಗ್ಗೆ ಕೇಳಿದೆ. ಕ್ರಿ.ಶ. 680ರಲ್ಲಿ, ಹಿಜರಿ 61ರ ಮೊಹರಂ ಹತ್ತರಂದು, ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರನ್ನೂ ಅವರ ಜೊತೆಗಿದ್ದವರನ್ನೂ ಯಜೀದನ ಸೈನ್ಯ ಕೊಂದದ್ದು. ಯುಫ್ರೆಟಿಸ್ ನದಿ ಕಣ್ಣೆದುರಿಗೇ ಇದ್ದರೂ ಹೆಂಗಸರು ಮಕ್ಕಳಿಗೂ ನೀರು ಬಿಡದೆ ಕಾಡಿದ್ದು. ನಿಧಾನವಾಗಿ, ನಿನ್ನೆ ನಡೆದ ಹಾಗೆ ಹೇಳಿದರು.

“ಅದಕ್ಕ ಪಾನಕ ಹಂಚೂದು. ನೀರಡಿಸಿ ಸತ್ತವ್ರ ಹೆಸರಿನ್ಯಾಗ.”

ಸಣ್ಣವಳಿದ್ದಾಗ ಅಲಾಯಿ ಮುಂದೆ ಐದೈದು ಲೋಟ ಬೆಲ್ಲದ ಪಾನಕ ಕುಡಿದು ಹೊಟ್ಟೆ ಹಿಡಿದುಕೊಂಡು ಓಡಿದವಳು ನಾನು. ಇನ್ನೊಂದನ್ನೂ ಇವತ್ತೇ ತಿಳಿದೆ. ಕತ್ತಲ ರಾತ್ರಿ ಎಂದರೆ ಕತ್ತಲೆಯ ರಾತ್ರಿ ಅಂತಿದ್ದೆ. ಕೆಂಡದ ಬೆಳಕಿರುವ ರಾತ್ರಿಗೆ ಯಾಕೆ ಕತ್ತಲು ಅನ್ನುತ್ತಾರೋ ಎಂದು ಒಮ್ಮೆ ಅನ್ನಿಸಿದ್ದೂ ಉಂಟು. ಅದು ‘ಖತಲ್’, ಕೊಲೆ. ಅರಬಿಯ ಮಾತು ನಮ್ಮ ಬಾಯಿಯಲ್ಲಿ ಕನ್ನಡದ ಕತ್ತಲಾಗಿ ಕೂತಿದೆ.

ಅವರು ಅಲಾಯಿಯನ್ನು ಒಪ್ಪುವುದಿಲ್ಲ. ಅಲಾಯಿ ದೇವರ ಪಂಜಾಕ್ಕೆ ಹರಕೆ ಹೊರುವುದು ದೀನಿಗೆ ಸರಿಯಲ್ಲ ಎಂಬುದು ಅವರ ಖಚಿತ ಮಾತು. ಹತ್ತನೇ ದಿನದ ರೋಜಾ ಮೂಸಾ ಪ್ರವಾದಿಯನ್ನೂ ಅವರ ಜನರನ್ನೂ ಫಿರೌನನಿಂದ ಅಲ್ಲಾಹ್ ಪಾರು ಮಾಡಿದ್ದಕ್ಕೆ. ಹಾಗಾದರೆ ಮುದಗಲ್ಲಿನ ಮುಜಾವರರು, ಊರ ಮುಸ್ಲಿಮರು ಮಾಡುವುದು? “ಅವ್ರದು ಅವ್ರಿಗಿ. ಮೆರವಣಿಗಿ ಬಂದ್ರ ನಾ ಬಾಗಲಕ್ಕ ನಿಂತಿರ್ತೀನಿ, ಒಳಗ ಹೋಗಿ ಕದ ಹಾಕ್ಕೊಳ್ಳೂದಿಲ್ಲ.”

ಮಾತು ಬಿಗಿಯಾಯಿತೇನೋ ಅನ್ನಿಸಿ, ಸಡಿಲ ಮಾಡಲು, “ಎಲ್ಲಾ ದೇವರು ಒಂದೇ ಅಲ್ರೀ ಅಪ್ಪಾರ” ಅಂದೆ.

“ಒಂದೇ ಅಂದಮ್ಯಾಲ ಕೇಳೂದು ಏನು ಉಳಿತವ್ವ ಮತ್ತ?” ಅಂದರು. ಆಮೇಲೆ ಅವರೇ ಕೇಳಿದರು: “ನೀವು ಲಿಂಗಾನ ಅಂಗೈಯಾಗ ಹಿಡ್ಕೊಂಡು ನೋಡ್ಕೋತ ಕುಂದರ್ತೀರಲ್ಲ, ಯಾಕ?”

ಐದನೇ ವಯಸ್ಸಿನಿಂದ ಕೊರಳಲ್ಲಿದೆ. ಬಾಯಿಗೆ ಬಂದದ್ದು ಎರಡೇ ವಾಕ್ಯ, ಎರಡೂ ಪಠ್ಯಪುಸ್ತಕದವು. ಕೇಳದೆ ಬಿಟ್ಟದ್ದು ಇದೊಂದೇ ಅಲ್ಲ. ನಮ್ಮಪ್ಪ ವರ್ಷಾ ಕೃಷ್ಣೆ ದಾಟಿ ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋಗುತ್ತಿದ್ದರು. ಅಲ್ಲಿಯ ಜೈಕಾರದಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಪೀರರ ಲೆಕ್ಕ ಬರುತ್ತದೆ. ಅಪ್ಪನ ಹೆಗಲ ಮೇಲೆ ಕೂತು ನಾನೂ ಕೂಗಿದ್ದೇನೆ. ಪೀರರು ಅಂದರೆ ಯಾರು ಎಂದು ಅಪ್ಪನನ್ನು ಕೇಳಿರಲಿಲ್ಲ. ಈಗ ಅಪ್ಪ ಇಲ್ಲ.

2 ಜುಲೈ, ಬುಧವಾರ. ಮಸ್ಕಿ

ಮೂರು ರಾತ್ರಿ ಪುಸ್ತಕ ತಿರುವಿ, ಇವತ್ತು ತರಗತಿಯಲ್ಲಿ ತಪ್ಪು ಒಪ್ಪಿಕೊಂಡೆ. ನಾನು ಹೇಳುತ್ತಿದ್ದ ಮಾತು ಅಶೋಕನ ಹನ್ನೆರಡನೆಯ ಬಂಡೆ ಶಾಸನದ್ದು. ಗಿರ್ನಾರ್ ಮೊದಲಾದ ಕಡೆ ಅದು ಇದೆ. ನಮಗೆ ಹತ್ತಿರದ್ದು ಕಲಬುರಗಿ ಜಿಲ್ಲೆಯ ಸನ್ನತಿ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಆಮೇಲೆ ನೋಡಿದರೆ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ. ವಿಗ್ರಹ ಕೂರಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಹನ್ನೆರಡನೆಯ ಶಾಸನದ ಭಾಗ ಅದರಲ್ಲಿದೆ. ಬೌದ್ಧನಾದ ರಾಜ ಪರಧರ್ಮದ ಬಗ್ಗೆ ಆಡಿದ ಮಾತಿನ ಮೇಲೆ ಕಾಳಿ ನಿಂತಿದ್ದಳು, ಯಾರಿಗೂ ಗೊತ್ತಿರದೆ. ಕೊರೆದವನಿಗೆ ಓದಲು ಬರುತ್ತಿರಲಿಲ್ಲ, ಅವನ ತಪ್ಪೇನಿಲ್ಲ.

ಆ ಶಾಸನದ ಹುರುಳು ಇಷ್ಟು: ದಾನ, ಸನ್ಮಾನಕ್ಕಿಂತ ಎಲ್ಲ ಪಂಥಗಳಲ್ಲೂ ಸಾರ ಬೆಳೆಯುವುದು ದೊಡ್ಡದು. ಅದಕ್ಕೆ ಬೇರು ನಾಲಿಗೆಯ ಹಿಡಿತ. ತನ್ನ ಪಂಥವನ್ನು ಹೊಗಳಲೆಂದು ಪರರದನ್ನು ಹಳಿಯುವವನು ಕೆಡಿಸುವುದು ತನ್ನದನ್ನೇ. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಬಹುಶ್ರುತರಾಗಬೇಕು.

‘ಕೇಳಬೇಕು’ ಎಂಬಲ್ಲಿ ನಾನು ನಿಂತೆ. ನಮ್ಮ ಸಭೆಗಳಲ್ಲಿ ಎಲ್ಲರೂ ಕವಿರಾಜಮಾರ್ಗದ ಪರಧರ್ಮ ಸೈರಣೆಯ ಮಾತನ್ನೇ ಎತ್ತುತ್ತಾರೆ, ಸವೆದುಹೋಗುವಷ್ಟು. ಸೈರಿಸುವುದನ್ನು ದೂರ ಕೂತೂ ಮಾಡಬಹುದು. ಕೇಳಬೇಕಾದರೆ ಎದ್ದು ಅವರ ಮನೆತನಕ ಹೋಗಬೇಕು.

ಆ ಹುಡುಗ ಮತ್ತೆ ಎದ್ದ. “ಮೇಡಂ, ಮಸ್ಕಿ ಕಲ್ಲಿನ್ಯಾಗ ನಾನು ಬುದ್ಧನ ಕಡ್ಯಾವ ಅಂತಾನ. ಸನ್ನತ್ಯಾಗ ಎಲ್ಲಾರ್ದೂ ಕೇಳ್ರಿ ಅಂತಾನ. ಎರಡೂ ಒಬ್ಬನೇ ಏನ್ರಿ?”

ಒಬ್ಬನೇ ಅಂದೆ. ಈ ಹುಡುಗನಿಗೆ ನಾನು ಪಾಠ ಮಾಡುತ್ತಿದ್ದೇನೋ, ಅವನು ನನಗೋ.

5 ಜುಲೈ, ಶನಿವಾರ. ಮುದಗಲ್

ಬರೆಯುವಾಗ ಬೆಳಗಿನ ಜಾವ ನಾಲ್ಕು. ಸೀರೆಗೆಲ್ಲ ಹೊಗೆ ವಾಸನೆ.

ಮಧ್ಯಾಹ್ನ ಅವ್ವ ಚೋಂಗೆ ಮಾಡುತ್ತಿದ್ದಳು. ಗೋದಿ ಹಿಟ್ಟಿನ ಕಣಕವನ್ನು ಲಟ್ಟಿಸಿ, ಗೀರು ಗೀರು ಕೆತ್ತಿದ ಮಣೆಯ ಮೇಲೆ ಒತ್ತಿ, ಬೇಯಿಸಿ, ಬಿಸಿ ಇರುವಾಗಲೇ ಬೆಲ್ಲ, ಪುಟಾಣಿ ಹಿಟ್ಟು, ಗಸಗಸೆ ಉದುರಿಸುತ್ತಾಳೆ. ಮಣೆ ಅಜ್ಜಿಯ ಕಾಲದ್ದು. ಅಂಚು ಸವೆದು ಚಿತ್ತಾರ ಮೂಡುವುದು ನಡುವೆ ಮಾತ್ರ. ವರ್ಷಕ್ಕೊಮ್ಮೆ ಹೊರಗೆ ಬರುತ್ತದೆ, ಮೊಹರಂಗೆ. ಲಿಂಗ ಕಟ್ಟಿದ ಮನೆಯಲ್ಲಿ ಇನ್ಯಾವ ಹಬ್ಬಕ್ಕೂ ಅದಕ್ಕೆ ಕೆಲಸವಿಲ್ಲ.

ಕರ್ಬಲಾದ ಕಥೆ ಗೊತ್ತಾ ಅಂತ ಅವ್ವನನ್ನು ಕೇಳಿದೆ. ಲಟ್ಟಿಸುತ್ತಲೇ, “ಹಸನ್ ಹುಸೇನ್ ಅಣ್ಣತಮ್ಮರು. ಮೋಸದಿಂದ ಕೊಂದ್ರು. ರಿವಾಯತ್ ಪದದಾಗ ಬರ್ತೈತಲ್ಲ” ಅಂದಳು. ಶಾಲೆಗೆ ಹೋಗದ ಅವ್ವನಿಗೆ ಹಾಡು ಕೇಳಿ ಕೇಳಿ ಗೊತ್ತಿತ್ತು. ಇತಿಹಾಸದ ಎಂ.ಎ. ಮಾಡಿದ ನಾನು ಕುಣಿತ ನೋಡುತ್ತಿದ್ದೆ, ಪದ ಕೇಳುತ್ತಿರಲಿಲ್ಲ.

ರಾತ್ರಿ ಹುಸೇನಿ ಆಲಂ ದರ್ಗಾದ ಕಡೆ ಹೋಗಲು ದಾರಿಯೇ ಇಲ್ಲ, ಅಷ್ಟು ಜನ. ತಮ್ಮನ ಮಗಳು ಹಸಿರಂಗಿ ತೊಟ್ಟು, ಲಾಡಿ ಹಾಕಿಕೊಂಡು, ಐದು ಮನೆ ಭಿಕ್ಷೆ ಮುಗಿಸಿ ಗತ್ತಿನಲ್ಲಿದ್ದಳು. ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಕುರುಬರು, ನಾಯಕರು, ಮಾದಿಗರು, ಸಾಬರು. ನಡುವೆ ಬೆಂಕಿ. ಸಣ್ಣ ಹುಡುಗರು ಹುಲಿಯ ಬಣ್ಣ ಬಳಿದುಕೊಂಡು ಬೆವರಿಗೆ ಪಟ್ಟೆ ಕರಗಿ ಬೆಕ್ಕಿನಂತಾಗಿದ್ದರು.

ನನ್ನ ಪಕ್ಕದಲ್ಲಿ ಒಬ್ಬ ಮುಸ್ಲಿಂ ಅಜ್ಜಿ ಕೂತಿದ್ದರು. ಪಂಜಾ ಹೊರಗೆ ಬಂದಾಗ ಇಡೀ ಜನ ಒಮ್ಮೆಗೆ ಕೂಗಿತು. ಅಜ್ಜಿ ಕೂಗಲಿಲ್ಲ. ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದರು, ಮನೆಯಲ್ಲಿ ಸಾವಾದಾಗ ಅಳುವ ಹಾಗೆ. ಈ ಅಳು ನನ್ನ ಚಿಕ್ಕಂದಿನಲ್ಲೂ ಇಲ್ಲಿ ಇತ್ತೇ? ಇದ್ದೇ ಇರಬೇಕು. ಹಲಗೆಯ ಸದ್ದಿನಲ್ಲಿ ನನಗೆ ಕೇಳಿರಲಿಕ್ಕಿಲ್ಲ.

ಪಾನಕದ ಲೋಟ ಬಂತು. ಮೊದಲು ಅಜ್ಜಿಗೆ ಕೊಟ್ಟೆ. ಆಮೇಲೆ ನಾನು ಕುಡಿದೆ. ಒಂದೇ ಲೋಟ.

6 ಜುಲೈ, ಭಾನುವಾರ. ಮುದಗಲ್

ಎರಡು ತಾಸು ಮಲಗಿ ಎದ್ದಾಗ ಚರ್ಚಿನ ಗಂಟೆ. ಭಾನುವಾರ ಎಂಬುದೇ ಮರೆತಿತ್ತು. ಆದಿಲ್‌ಶಾಹಿಯ ಕಾಲದಲ್ಲಿ ಗೋವೆಯ ಕಡೆಯಿಂದ ಬಂದ ಜೆಸ್ವಿತ್ ಪಾದ್ರಿಗಳು ಕಟ್ಟಿಸಿದ ಚರ್ಚು, 1557ರ ಸುಮಾರಿನದು ಎನ್ನುತ್ತಾರೆ. ಅಲ್ಲಿಯ ಕ್ರೈಸ್ತರು ಮುದಗಲ್ಲಿಗೆ ನಮ್ಮ ಮನೆತನಕ್ಕಿಂತ ಹಳಬರು. ಎಸ್ಸೆಸ್ಸೆಲ್ಸಿವರೆಗೆ ಅವರ ಮಕ್ಕಳ ಜೊತೆ ಓದಿದೆ, ಒಂದು ದಿನ ಒಳಗೆ ಹೋಗಿಲ್ಲ.

ಪಕ್ಕದ ಮನೆಯ ಅಜ್ಜಿ ವಿಠ್ಠಲನ ಭಕ್ತೆ. ಇವತ್ತು ಆಷಾಢ ಏಕಾದಶಿ, ಆಕೆಗೆ ನಿಟ್ಟುಪವಾಸ. ಲಿಂಗಸುಗೂರಿನಲ್ಲಿ ಮೇಡಂ ತಂದೆಗೆ ರೋಜಾ. ಇಲ್ಲಿ ಪೂಜೆಗೆ ಹೊರಟ ಕ್ರೈಸ್ತ ಹೆಂಗಸರು ತಲೆಗೆ ಸೆರಗು ಹೊದ್ದುಕೊಂಡು ನಮ್ಮ ಓಣಿ ದಾಟಿದರು. ಮೂರೂ ಒಂದೇ ದಿನ ಬಿದ್ದಿವೆ. ಪತ್ರಿಕೆಯವರು ಕಂಡರೆ ಭಾವೈಕ್ಯ ಎಂದು ತಲೆಬರಹ ಕೊಟ್ಟು ಮುಗಿಸಿಬಿಡುತ್ತಾರೆ. ವಿಠ್ಠಲನಿಗಾಗಿ ಉಪವಾಸ ಇರುವುದು, ಮೂಸಾ ಪ್ರವಾದಿಯನ್ನು ನೆನೆದು ರೋಜಾ ಇರುವುದು, ಹುಸೇನರಿಗಾಗಿ ಅಳುವುದು ಬೇರೆ ಬೇರೆ ಸಂಗತಿಗಳು. ಅವನ್ನು ಕಲಸಿ ಒಂದು ಮುದ್ದೆ ಮಾಡಲು ಈಗ ನನಗೆ ಮನಸ್ಸಿಲ್ಲ.

ಮಧ್ಯಾಹ್ನದ ಮೇಲೆ ಅಲಾಯಿ ದೇವರು ಹೊಳೆಗೆ ಹೋದವು. ನನಗೆ ಸಿಂಧನೂರಿನ ಬಸ್ಸು ಸಿಕ್ಕಿದ್ದು ರಾತ್ರಿ ಎಂಟಕ್ಕೆ, ನಿಂತುಕೊಂಡೇ ಬಂದೆ.

10 ಜುಲೈ, ಗುರುವಾರ. ಸಿಂಧನೂರು

ಕಡ್ಲಿ ಕಡುಬಿನ ಹುಣ್ಣಿಮೆ. ಮೇಡಂಗೆ ನಾಲ್ಕು ಕಡುಬು ಒಯ್ಯಬೇಕು, ಎಡೆ ಹಿಡಿಯುವ ಮೊದಲೇ ತೆಗೆದಿಡುತ್ತೇನೆ ಎಂದೆ. ಅತ್ತೆ ಸಿಟ್ಟಾದರು. “ದೇವರಿಗಿಂತ ಮೊದ್ಲು ಮಂದಿಗೇನವ್ವ?” ಅವರದೂ ನೇಮವೇ. ಅದನ್ನು ತಳ್ಳಿಹಾಕಿ ಮೇಡಂ ನೇಮ ಕಾಯುವುದು ಯಾವ ನ್ಯಾಯ ಅನ್ನಿಸಿತು. ಕೊನೆಗೆ ಬೇರೆ ಹಿಟ್ಟು ಕಲಸಿ, ಬೇರೆ ಹೂರಣ ಮಾಡಿ, ಗ್ಯಾಸಿನ ಇನ್ನೊಂದು ಒಲೆಯ ಮೇಲೆ ಬೇಯಿಸಿದೆ. ಅರ್ಧ ತಾಸು ಹೆಚ್ಚಾಯಿತು, ಏಳೂವರೆಯ ಬಸ್ಸು ತಪ್ಪಿತು.

ಮಕ್ಕಳನ್ನು ಸನ್ನತಿಗೆ ಕರೆದೊಯ್ಯಲು ಪಾಲಕರ ಒಪ್ಪಿಗೆ ಪತ್ರ ಕೊಟ್ಟು ಕಳಿಸಿದ್ದೆ. ನಲವತ್ತೊಂದರಲ್ಲಿ ಇವತ್ತಿಗೆ ಹನ್ನೆರಡು ವಾಪಸ್ ಬಂದಿವೆ. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಸಿಕ್ಕ, ಹೆಸರು ಕೆತ್ತಿದ ಅಶೋಕನ ಶಿಲ್ಪದ ಬಗ್ಗೆಯೂ ಹೇಳಿದ್ದೇನೆ. ಇಲ್ಲಿ ಹೆಸರು, ಅಲ್ಲಿ ಮುಖ ಎಂದು ಆ ಹುಡುಗ ನೋಟ್ಸಿನಲ್ಲಿ ಬರೆದುಕೊಂಡಿದ್ದಾನೆ.

ಮಧ್ಯಾಹ್ನ ಡಬ್ಬಿ ಬಿಚ್ಚಿ, ಇದು ಎಡೆ ಹಿಡಿದದ್ದಲ್ಲ ಅಂದೆ. ಮೇಡಂ ಮೂರು ತಿಂದರು. ನಾಲ್ಕನೆಯದನ್ನು ಆಯಾಗೆ ಕೊಟ್ಟರು, ಈ ಸಲ ನನ್ನೆದುರಿಗೇ.